ನೀರು ಕುಡಿಯದ ಗುಂಡಿಗಳು

ಗ್ರಾಮಸೇವಕನ ಊರಿನಲ್ಲಿ ಹನ್ನೆರಡನೆಯ ಕಕ್ಕಸು ಮುಗಿಯಿತೆಂಬ ಸುದ್ದಿಯನ್ನು ನನಗೆ ಹೇಳಿದವರು ನಮ್ಮ ಆಸ್ಪತ್ರೆಯ ಡಾಕ್ಟರು. ನಾನಾಗ ಮೊಣಕೈವರೆಗೆ ಸಿಮೆಂಟು ಮೆತ್ತಿಕೊಂಡು, ನನ್ನ ಊರಿಗೆ ಕೊಡಬೇಕಾದ ಮೂರನೆಯ ಬೇಸಿನ್ನನ್ನು ಅಚ್ಚಿನಿಂದ ಬಿಡಿಸುತ್ತಿದ್ದೆ. "ಹನ್ನೆರಡಂತೆ ಕಣ್ರೀ! ಹುಡುಗ ಗಟ್ಟಿಗ," ಅಂದರು. ಬೇಸಿನ್ನಿನ ಅಂಚು ನನ್ನ ಕೈಯಲ್ಲಿ ಚಟ್ಟನೆ ಮುರಿಯಿತು. ಸಿಮೆಂಟು ಇನ್ನೂ ಹಸಿಯಾಗಿತ್ತು ಎಂದು ಅವರಿಗೆ ಹೇಳಿದೆ. ಅದು ಸುಳ್ಳು.

ಅರವತ್ತರ ದಶಕದ ಕೊನೆಯ ವರ್ಷಗಳು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಹೆಲ್ತ್ ಇನ್‌ಸ್ಪೆಕ್ಟರಾಗಿದ್ದೆ. ಹಳ್ಳಿಯ ಮನೆಗಳಲ್ಲಿ ನೀರು ಹಾಕಿ ತೊಳೆಯುವ ಕಕ್ಕಸು ಕಟ್ಟಿಸಿ ತೋರಿಸಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಒಂದು ಊರು ನನಗೆ, ಅದರಿಂದ ನಾಲ್ಕು ಮೈಲಿ ಆಚೆಯ ಇನ್ನೊಂದು ಊರು ಬ್ಲಾಕ್ ಆಫೀಸಿನ ಗ್ರಾಮಸೇವಕನಿಗೆ. ಸ್ಪರ್ಧೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ತಿಂಗಳ ಸಭೆಯಲ್ಲಿ ಇಬ್ಬರ ಸಂಖ್ಯೆಯನ್ನೂ ಒಂದಾದ ಮೇಲೆ ಒಂದು ಗಟ್ಟಿಯಾಗಿ ಓದುತ್ತಿದ್ದರು. ಅದಕ್ಕಿಂತ ಇನ್ನೇನು ಬೇಕು?

ನಾನು ಒಂದು ವರ್ಷ ಬೆಂಗಳೂರಿನಲ್ಲಿ ಇದನ್ನೇ ಓದಿ ಪರೀಕ್ಷೆ ಪಾಸು ಮಾಡಿದವನು. ಅವನದು ಎರಡು ದಿನದ ಶಿಬಿರ, ಅದರಲ್ಲೂ ಒಂದು ದಿನ ಭಾಷಣ. ಬೂದಿಗೆರೆ ಕಡೆಯವನು, ಇಪ್ಪತ್ತೈದು ದಾಟಿರಲಿಲ್ಲ. ಯಾವ ಮನೆಯ ಜಗುಲಿಯ ಮೇಲೆ ಕೂತರೂ ಅವನಿಗೆ ಒಳಗಿನಿಂದ ಮಜ್ಜಿಗೆ ಬರುತ್ತಿತ್ತು. ಹತ್ತು ವರ್ಷದ ಸರ್ವೀಸಿನಲ್ಲಿ ನನಗೆ ಬಂದದ್ದು ನೀರು, ಅದೂ ಕೇಳಿದರೆ. ಹೆಂಗಸರನ್ನು ಅಕ್ಕ ಎನ್ನುತ್ತಿದ್ದ, ಮುದುಕರನ್ನು ತಾತ ಎನ್ನುತ್ತಿದ್ದ, ಅವರು ನಿಜವಾಗಿಯೂ ಅಕ್ಕ, ತಾತ ಆಗಿಬಿಡುತ್ತಿದ್ದರು. ನಾನು ಅದನ್ನೇ ಹೇಳಲು ಹೋದರೆ ಮನೆಯವರು ಅನುಮಾನದಿಂದ ನೋಡುತ್ತಿದ್ದರು. ನನ್ನ ಮುಖ ಸರ್ಕಾರದ ನೋಟೀಸಿನ ಹಾಗಿದೆ ಎಂದು ನನ್ನ ಹೆಂಡತಿಯೇ ಒಮ್ಮೆ ಅಂದಿದ್ದಳು.

ನನ್ನ ಕೆಲಸ ನಿಧಾನವಾಗಿತ್ತು, ಏಕೆಂದರೆ ನಾನು ಪುಸ್ತಕದಂತೆ ಮಾಡುತ್ತಿದ್ದೆ. ಈ ಕಕ್ಕಸಿನಲ್ಲಿ ಎರಡು ಭಾಗ. ಮೇಲೆ ಬೇಸಿನ್ನು, ಅದರ ಕೆಳಗೆ ಬಾಗಿದ ಕೊಳವೆ. ಆ ಬಾಗಿನಲ್ಲಿ ಸದಾ ಒಂದಂಗುಲ ನೀರು ನಿಂತಿರಬೇಕು, ಆಗ ನಾತವೂ ಬರುವುದಿಲ್ಲ, ನೊಣವೂ ಬರುವುದಿಲ್ಲ. ಇದನ್ನು ಜೇಡಿಮಣ್ಣಿನ ಅಚ್ಚಿನ ಮೇಲೆ ಸಿಮೆಂಟು ಮೆತ್ತಿ ಎರಕ ಮಾಡಿ, ನಾಲ್ಕು ದಿನ ಒದ್ದೆ ಗೋಣಿ ಹೊದಿಸಿ, ಆಮೇಲೆ ಉಜ್ಜುಕಲ್ಲಿನಿಂದ ನುಣುಪು ಮಾಡಬೇಕು. ಇನ್ನೊಂದು ಭಾಗ ಹಿತ್ತಿಲ ಗುಂಡಿ. ಎಲ್ಲರಿಗೂ ಬೇಸಿನ್ನಿನ ಮೇಲೆ ಕಣ್ಣು, ಗುಂಡಿ ಯಾರಿಗೂ ಬೇಡ. ಆದರೆ ಕಕ್ಕಸು ಬದುಕುವುದು ಗುಂಡಿಯಿಂದ. ಮಲ ಅದರಲ್ಲಿ ಉಳಿಯಬೇಕು, ನೀರು ಮಾತ್ರ ಸುತ್ತಲಿನ ಮಣ್ಣಿಗೆ ಇಂಗಿ ಹೋಗಬೇಕು.

ಅದಕ್ಕೆ ನಾನು ಪ್ರತಿ ಹಿತ್ತಿಲಿನಲ್ಲೂ ಮೊದಲು ಒಂದು ಸಣ್ಣ ಕುಳಿ ತೋಡಿಸಿ, ಹಿಂದಿನ ದಿನ ನೀರು ತುಂಬಿ ನೆನೆಸಿ, ಮಾರನೆಯ ದಿನ ಮತ್ತೆ ನೀರು ಹಾಕಿ, ಅಳತೆಪಟ್ಟಿ ಇಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತು, ಎಷ್ಟು ಹೊತ್ತಿಗೆ ಎಷ್ಟು ಇಳಿಯಿತೆಂದು ನೋಡುತ್ತಿದ್ದೆ. ನನ್ನ ಊರಿನವರಿಗೆ ಇದು ದಿನನಿತ್ಯದ ತಮಾಷೆಯಾಯಿತು. "ಏನ್ ಸ್ವಾಮಿ, ಹೆಂಗಸ್ರು ಅರ್ಧ ಮೈಲಿಯಿಂದ ಹೊತ್ಕಂಡ್ ಬರೋ ನೀರ್ನ ನೀವು ಮಣ್ಣಿಗೆ ಕುಡಿಸ್ತಾ ಕುಂತಿದೀರಲ್ಲ!" ಎಂದು ಒಬ್ಬ ಕೇಳಿದ. ಇನ್ನೊಬ್ಬ, "ಮಣ್ಣಿಗೆ ಜರ ಬಂದಿರ್ಬೇಕು ಕಣೋ, ಇನ್‌ಸ್ಪೆಕ್ಟ್ರು ನೋಡ್ತಾವ್ರೆ," ಅಂದ. ಮೂರು ತಿಂಗಳಿನಲ್ಲಿ ಮೂರು ಮನೆ ಒಪ್ಪಿದವು. ಅವನದು ಹನ್ನೆರಡು.

ಅವನು ಹೇಗೆ ಮಾಡುತ್ತಿದ್ದಾನೆಂದು ನೋಡಲೇಬೇಕೆನಿಸಿ ಒಂದು ದಿನ ಸೈಕಲ್ ಹತ್ತಿದೆ. ಏನಾದರೂ ತಪ್ಪು ಸಿಗಲಿ ಎಂದುಕೊಂಡೇ ಹೋದೆ. ಒಳ್ಳೆಯ ಮನಸ್ಸಿನಿಂದ ಹೋದೆ ಎಂದರೆ ಈ ವಯಸ್ಸಿನಲ್ಲಿ ನನಗೇ ನಗು ಬರುತ್ತದೆ.

ಊರಬಾಗಿಲಲ್ಲೇ ಸಿಕ್ಕ. "ಬನ್ನಿ ಸಾರ್, ಬನ್ನಿ! ನೀವು ಬಂದಿದ್ದು ನನ್ನ ಪುಣ್ಯ," ಎಂದು ನನ್ನ ಸೈಕಲ್ಲನ್ನು ತಾನೇ ಹಿಡಿದುಕೊಂಡ. ಮೊದಲು ಕರೆದುಕೊಂಡು ಹೋದದ್ದು ಒಬ್ಬ ಹೆಣ್ಣುಮಗಳ ಮನೆಗೆ. ಊರಿನ ಮೊದಲ ಕಕ್ಕಸು ಅದು, ಬೇಸಿನ್ನುಗಳು ತಡವಾಗಿ ಬಂದದ್ದರಿಂದ ಬಳಕೆಗೆ ಬಂದು ಹತ್ತೇ ದಿನವಾಗಿತ್ತು. ಆಕೆಗೆ ಮೂವತ್ತರ ಒಳಗೆ ವಯಸ್ಸು. ನಾಲ್ಕು ವರ್ಷದ ಹಿಂದೆ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಕಟ್ಟು ಹಾಕಿದವನು ಸೊಟ್ಟ ಕಟ್ಟಿ, ಈಗ ಕೋಲು ಊರಿ ಒಂದೊಂದೇ ಹೆಜ್ಜೆ ಇಡುತ್ತಿದ್ದಳು.

"ಬೆಳಕು ಹರಿಯೋಕೆ ಮುಂಚೆ ಹೆಂಗಸ್ರೆಲ್ಲ ಗುಂಪಾಗಿ ಬಯಲಿಗೆ ಹೋಗಿ ಬಂದ್ಬಿಡ್ತಾರೆ ಸ್ವಾಮಿ. ನನ್ ಕಾಲಿಗೆ ಅವರ ಜತೆ ಆಗಲ್ಲ. ನಮ್ಮ ನಾದಿನಿ ಕೈ ಹಿಡ್ಕಂಡ್ ದಿನಕ್ಕೆ ಒಂದ್ಸಲ ಕರ್ಕಂಡ್ ಹೋಗ್ತಿದ್ಲು. ಹಗಲೊತ್ತು ಬಂದ್ರೆ ಏನ್ ಮಾಡ್ಲಿ? ಅದಕ್ಕೇ ಮಧ್ಯಾಹ್ನದ ಊಟಾನೇ ಬಿಟ್ಟಿದ್ದೆ."

"ನಾಲ್ಕು ವರ್ಷವಾ?"

"ಊಂ ಸ್ವಾಮಿ. ನೀರೂ ಅಷ್ಟೆ, ಬಾಯಿ ಒದ್ದೆ ಮಾಡ್ಕಳೋ ಅಷ್ಟು. ಈಗ ಮಧ್ಯಾಹ್ನ ಮುದ್ದೆ ಉಣ್ತೀನಿ, ಸಾರು ಎರಡ್ಸಲ ಹಾಕಿಸ್ಕಂತೀನಿ. ಈ ಅಣ್ಣ ನಮ್ಮ ತವರಿನೋರು ಇದ್ದಂಗೆ."

ಅಣ್ಣ ಎಂದರೆ ಅವನು. ಅವನು ನಾಚಿಕೊಂಡು ನೆಲ ನೋಡಿದ. ಆಗ ನನ್ನ ಮನಸ್ಸಿನಲ್ಲಿ ಏನು ಬರಬೇಕಿತ್ತೋ ಅದು ಬರಲಿಲ್ಲ. ನಾಲ್ಕು ವರ್ಷ ಮಧ್ಯಾಹ್ನದ ಊಟ ಬಿಟ್ಟವಳು ಈಗ ಉಣ್ಣುತ್ತಿದ್ದಾಳೆ ಎಂದು ಸಂತೋಷವಾಗಲಿಲ್ಲ. ನನ್ನ ಊರಿನಲ್ಲಿ ಯಾರೂ ನನ್ನನ್ನು ಅಣ್ಣ ಅನ್ನಲಿಲ್ಲವಲ್ಲ ಎಂದು ಹೊಟ್ಟೆಯುರಿಯಿತು.

ಅಲ್ಲಿಂದ ಹದಿಮೂರನೆಯ ಮನೆಯ ಹಿತ್ತಿಲಿಗೆ ಹೋದೆವು. ಗುಂಡಿಯ ಕೆಲಸ ಮುಗಿಯುತ್ತಾ ಬಂದಿತ್ತು. ಒಳಗಿನಿಂದ ಒಬ್ಬ ಮುದುಕ ಹತ್ತಿ ಬಂದ, ಮೈಯೆಲ್ಲ ಕೆಂಪು ಮಣ್ಣು. ಗ್ರಾಮಸೇವಕನ ವೇಗದ ಗುಟ್ಟು ಇವನೇ. ನಮ್ಮ ಕಡೆ ರಾಗಿಯನ್ನು ನೆಲದೊಳಗೆ ಇಡುವ ಹಗೇವು ಗೊತ್ತಲ್ಲ, ಬಾಯಿ ಕಿರಿದು, ಹೊಟ್ಟೆ ಅಗಲ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಅಂಥ ಹಗೇವು ತೋಡುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಇವನು ಎತ್ತಿದ ಕೈ. ಒಬ್ಬನೇ ಇಳಿದು ಮೂರು ದಿನದಲ್ಲಿ ಒಂದು ಗುಂಡಿ ಮುಗಿಸುತ್ತಿದ್ದ. ನನ್ನ ಊರಿನ ಆಳುಗಳು ವಾರ ತೆಗೆದುಕೊಳ್ಳುತ್ತಿದ್ದರು.

ನಾನು ಬಗ್ಗಿ ನೋಡಿದೆ. ಎಂಥ ಗುಂಡಿ! ಒಳಗೋಡೆ ಮಡಕೆಯ ಹಾಗೆ ದುಂಡಗೆ, ಒಂದು ಗೀರಿಲ್ಲ. ಜೇಡಿಮಣ್ಣು ಮೆತ್ತಿ, ಅಂಗೈಯಿಂದ ಸವರಿ, ಒಳಗೆ ಹುಲ್ಲು ಉರಿಸಿ ಸುಟ್ಟು ಗಟ್ಟಿ ಮಾಡಿದ್ದ. ಒಂದು ಕಲ್ಲು ಎಸೆದರೆ ಖಣ್ ಎಂದಿತು.

"ಹನಿ ತೇವ ಒಳಕ್ಕೆ ಬರಲ್ಲ ಸ್ವಾಮಿ," ಅಂದ ಮುದುಕ ಹೆಮ್ಮೆಯಿಂದ. "ನಮ್ಮಪ್ಪ ತೋಡಿದ ಹಗೇವು ಇನ್ನೂ ಹಂಗೇ ಅವೆ."

ಒಳಕ್ಕೆ ಬರದ ತೇವ ಹೊರಕ್ಕೂ ಹೋಗುವುದಿಲ್ಲ. ನನಗೆ ತಕ್ಷಣ ಗೊತ್ತಾಯಿತು. ಇವರು ಕಕ್ಕಸಿಗೆ ರಾಗಿಯ ಹಗೇವು ತೋಡುತ್ತಿದ್ದರು. ಹಾಕಿದ ನೀರೆಲ್ಲ ಅದರಲ್ಲೇ ನಿಲ್ಲುತ್ತದೆ, ಗುಂಡಿ ತುಂಬುತ್ತದೆ, ಒಂದು ದಿನ ಬೇಸಿನ್ನಿಗೆ ಉಕ್ಕುತ್ತದೆ. ಹನ್ನೆರಡೂ ಉಕ್ಕುತ್ತವೆ. ನನಗೆ ಹಿತವೆನಿಸಿತು.

ಗ್ರಾಮಸೇವಕ ನನ್ನ ಮುಖವನ್ನೇ ನೋಡುತ್ತಿದ್ದ. "ಸಾರ್, ನೀವು ಓದಿದೋರು. ಏನಾದ್ರೂ ತಪ್ಪಿದ್ರೆ ಈಗ್ಲೇ ಹೇಳ್ಬಿಡಿ, ತಿದ್ಕೊತೀನಿ," ಅಂದ.

"ಇಷ್ಟು ಚೆನ್ನಾಗಿ ತೋಡಿದ ಗುಂಡಿ ನಾನು ಎಲ್ಲೂ ನೋಡಿಲ್ಲ," ಅಂದೆ. ಒಂದು ಅಕ್ಷರವೂ ಸುಳ್ಳಲ್ಲ. ಅವನು ಕೈ ಮುಗಿದ.

ದಾರಿಯುದ್ದಕ್ಕೂ ಸೈಕಲ್ ತುಳಿಯುತ್ತಾ ಲೆಕ್ಕ ಹಾಕಿದೆ. ಮನೆಗೆ ಐದು ಜನ, ಹೋದ ಸಲವೆಲ್ಲ ಒಂದು ದೊಡ್ಡ ಚೊಂಬು ನೀರು, ಗುಂಡಿಯ ಆಳ ಇಷ್ಟು, ಅಗಲ ಇಷ್ಟು. ಒಂದೂವರೆ ತಿಂಗಳು. ಆ ಹೆಣ್ಣುಮಗಳ ಮನೆಯದೇ ಮೊದಲು ತುಂಬುತ್ತದೆ ಎಂಬುದೂ ಆ ಲೆಕ್ಕದಲ್ಲೇ ಬಂತು. ಅದನ್ನು ಅಲ್ಲಿಗೇ ಬಿಟ್ಟು ಬೇರೆ ಕಡೆ ಯೋಚಿಸಿದೆ. ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ, "ಏನು, ಇವತ್ತು ಮುಖದಲ್ಲಿ ಕಳೆ ಬಂದಿದೆ?" ಅಂದಳು. ಬಿಸಿಲಿಗೆ ಇರಬೇಕು ಅಂದೆ.

ಮುಂದಿನ ಸಭೆಯಲ್ಲಿ ಅವನದು ಹದಿನೇಳು ಎಂದು ಓದಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಡಾಕ್ಟರು ನನ್ನ ದೊಡ್ಡ ಮನಸ್ಸನ್ನು ಮೆಚ್ಚಿಕೊಂಡರು. ನಡುವೆ ಒಂದೆರಡು ಸಲ ಅವನಿಗೆ ಹೇಳಿಬಿಡಲೇ ಅನಿಸಿತ್ತು, ಸುಳ್ಳು ಹೇಳಲಾರೆ. ಆದರೆ ಹಾಗನಿಸಿದ ದಿನವೇ ಯಾರೋ ಬಂದು ಅವನ ಗುಣಗಾನ ಮಾಡುತ್ತಿದ್ದರು. ಮತ್ತೆ ನನ್ನ ಬಾಯಿ ಕಟ್ಟಿಕೊಳ್ಳುತ್ತಿತ್ತು.

ಲೆಕ್ಕಕ್ಕಿಂತ ನಾಲ್ಕು ದಿನ ಮೊದಲೇ ಆಯಿತು. ಹತ್ತೊಂಬತ್ತನೆಯ ಕಕ್ಕಸಿಗೆ ಬೇಸಿನ್ನು ಕೂರಿಸುವ ಹೊತ್ತಿಗೆ ಆ ಹೆಣ್ಣುಮಗಳ ಮನೆಯ ಬೇಸಿನ್ನಿನಲ್ಲಿ ನೀರು ಇಳಿಯದೆ ನಿಂತಿತು. ಅದೇ ವಾರ ಇನ್ನೂ ಐದು ಮನೆ. ಕೊಳವೆ ಕಟ್ಟಿಕೊಂಡಿರಬೇಕೆಂದು ಗ್ರಾಮಸೇವಕ ಬಿದಿರು ಹಾಕಿ ತಿವಿದ, ಎರಡು ಮನೆಯಲ್ಲಿ ಬಾಗಿದ ಕೊಳವೆಯೇ ಒಡೆದು ನಾತ ಮನೆಯೆಲ್ಲ ತುಂಬಿತು. ಭೂಮಿತಾಯಿ ಒಪ್ಪಲಿಲ್ಲ ಎಂದು ಮುದುಕರು ತೀರ್ಪು ಕೊಟ್ಟರು. ಮಜ್ಜಿಗೆ ಕೊಡುತ್ತಿದ್ದ ಮನೆಗಳೇ ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಬೈದವಂತೆ. ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಣ್ಣಾರೆ ನೋಡೋಣವೆಂದು ಹೊರಟೆ.

ನಾನು ಹೋದದ್ದು ಸುಡು ಮಧ್ಯಾಹ್ನ. ಆ ಹೆಣ್ಣುಮಗಳ ಮನೆಯ ಮುಂದೆ ಸೈಕಲ್ ನಿಲ್ಲಿಸಿದೆ. ಹಿತ್ತಿಲಲ್ಲಿ ಬೇಸಿನ್ನಿನ ಮೇಲೆ ಆಕೆಯ ಗಂಡ ಚಪ್ಪಡಿ ಎಳೆದು ಹಾಕಿದ್ದ. ಒಳಗೆ ಆಕೆ ಒಲೆಯ ಮುಂದೆ ಕೋಲನ್ನು ಪಕ್ಕಕ್ಕಿಟ್ಟು ಕೂತು ಮುದ್ದೆ ಕಟ್ಟಿ ಗಂಡನಿಗೆ, ನಾದಿನಿಗೆ, ಎರಡು ಮಕ್ಕಳಿಗೆ ಇಡುತ್ತಿದ್ದಳು. ಎಲ್ಲರದೂ ಆಯಿತು. ಆಕೆ ಪಾತ್ರೆಯನ್ನು ಮುಚ್ಚಿಟ್ಟಳು.

"ನಿಂದು ಊಟ ಆಯ್ತೇನಮ್ಮ?" ಅಂದೆ.

"ಸಂಜೆಗೆ ಸ್ವಾಮಿ," ಅಂದಳು. ಅಳಲಿಲ್ಲ, ದೂರಲಿಲ್ಲ. "ನಡುವೆ ಒಂದ್ ತಿಂಗಳು ಉಂಡಿದ್ದೇ ತಪ್ಪಾಯ್ತು. ಈಗ ಹೊಟ್ಟೆ ಹೇಳಿದ್ ಮಾತು ಕೇಳಲ್ಲ, ಮಧ್ಯಾಹ್ನ ಆದ್ರೆ ಹಸಿಯುತ್ತೆ."

ನಾನು ನೋಡಲು ಬಂದ ತಮಾಷೆ ಇದು. ಅವನು ಸೋಲಲಿ ಎಂದು ನಾನು ಬಾಯಿ ಮುಚ್ಚಿಕೊಂಡೆ, ಮುಚ್ಚಿದ್ದು ಇವಳ ಅನ್ನದ ಪಾತ್ರೆ. ನಾಚಿಕೆ ಅಂದರೆ ಏನೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ ಎಂದೇ ಹೇಳಬೇಕು.

ಗ್ರಾಮಸೇವಕ ಶಾಲೆಯ ಜಗುಲಿಯ ಮೇಲೆ ಒಬ್ಬನೇ ಕೂತಿದ್ದ. "ಬೇಸಿನ್ನಿನಲ್ಲಿ ತಪ್ಪಿಲ್ಲ, ಗುಂಡಿಯಲ್ಲಿ ತಪ್ಪು. ಹೊಸದು ತೋಡಬೇಕು, ಎದ್ದೇಳು," ಅಂದೆ. ಯಾವಾಗ ಗೊತ್ತಾಯಿತು ಎಂದು ಹೇಳಲಿಲ್ಲ. ಅವನು ಕೇಳಲೂ ಇಲ್ಲ, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಎದ್ದು ಬಂದ.

ಆ ಊರಿನಲ್ಲಿ ಒಬ್ಬನೂ ಹಾರೆ ಮುಟ್ಟಲಿಲ್ಲ. ಹೆಣ್ಣುಮಗಳ ಗಂಡ ಮಾತ್ರ, "ಇದೊಂದೇ ಸಲ ನೋಡಿ," ಎಂದು ಒಪ್ಪಿದ. ಹಳೆಯ ಗುಂಡಿಯಿಂದ ಎಂಟಡಿ ಆಚೆ ಜಾಗ ಗುರುತು ಮಾಡಿ ನಾವಿಬ್ಬರೇ ತೋಡಲು ನಿಂತೆವು. ಪುಸ್ತಕದಲ್ಲಿ ಗುಂಡಿ ಓದಿದ್ದೆನೇ ಹೊರತು ತೋಡಿರಲಿಲ್ಲ. ಮೂರಡಿ ಇಳಿಯುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ, ಗುಂಡಿ ಒಂದು ಕಡೆ ಓರೆ. ಹಗೇವಿನ ಮುದುಕ ಬೇಲಿಯ ಆಚೆ ನಿಂತು ನೋಡುತ್ತಿದ್ದ. ತನ್ನ ಕೆಲಸಕ್ಕೆ ಹೆಸರು ಕೆಟ್ಟಿತೆಂದು ಅವನು ಮೂರು ದಿನದಿಂದ ಯಾರ ಜೊತೆಯೂ ಮಾತಾಡಿರಲಿಲ್ಲವಂತೆ. ಕೊನೆಗೆ ಅವನ ಕಣ್ಣಿಗೇ ತಡೆಯಲಾಗಲಿಲ್ಲ.

"ಮೇಲಕ್ ಬನ್ನಿ ಸ್ವಾಮಿ. ಇದನ್ನ ಗುಂಡಿ ಅಂತಾರಾ?"

ಅವನಿಗೆ ನಾನು ವಿವರವಾಗಿ ಹೇಳಿದೆ. ಇದರಲ್ಲಿ ನೀರು ನಿಲ್ಲಬಾರದು, ಸೋರಬೇಕು. ಜೇಡಿಮಣ್ಣು ಮೆತ್ತಬಾರದು, ಸವರಬಾರದು, ಸುಡಬಾರದು. ಮೇಲಿನ ಎರಡಡಿಗೆ ಮಾತ್ರ ಕಲ್ಲು, ಅದೂ ಸಂದು ಬಿಟ್ಟು.

"ಅಂದ್ರೆ ಕೆಲಸ ಕೆಡಿಸು ಅಂತೀರಾ?"

"ರಾಗಿಗೆ ಕೆಟ್ಟ ಗುಂಡಿಯೇ ಇದಕ್ಕೆ ಒಳ್ಳೆ ಗುಂಡಿ, ತಾತ."

ಗೊಣಗುತ್ತಲೇ ಇಳಿದ. ಆರಡಿಯ ಕೆಳಗೆ ಗರಸು ಮಣ್ಣು ಸಿಕ್ಕಿತು, ಪುಡಿಗಲ್ಲು ಬೆರೆತ ಮಣ್ಣು, ನನಗೆ ಬೇಕಾದದ್ದೇ ಅದು. ಆದರೆ ಮುದುಕನ ಬಲಗೈ ತೋಡುತ್ತಿದ್ದರೆ ಎಡಗೈ ತನ್ನಷ್ಟಕ್ಕೆ ಗೋಡೆ ಸವರುತ್ತಿತ್ತು. "ಸವರಬೇಡಿ ತಾತ!" ಎಂದು ನಾನು ಮೇಲಿನಿಂದ ಕೂಗುವುದು, "ಕೈ ಕೇಳಲ್ಲ ಸ್ವಾಮಿ, ಅರವತ್ತು ವರ್ಷದ್ದು," ಎಂದು ಅವನು ಕೆಳಗಿನಿಂದ ಹೇಳುವುದು. ಮೂರನೆಯ ದಿನ ಕೆಲಸ ಮುಗಿದಾಗ ಗೋಡೆ ಅಲ್ಲಲ್ಲಿ ನುಣ್ಣಗೇ ಇತ್ತು. ನಾನು ಇಳಿದು ಹಾರೆಯಿಂದ ಗೋಡೆಯನ್ನೆಲ್ಲ ಕೆತ್ತಿ ಗಾಯ ಮಾಡಿದೆ. ಮುದುಕ ಆ ಕಡೆ ತಿರುಗಿ ನಿಂತ.

ಊರಿನವರು ನೋಡಲೆಂದು ಹತ್ತು ಕೊಡ ನೀರು ತರಿಸಿ ಹೊಸ ಗುಂಡಿಗೆ ಸುರಿದೆ. ಕೊಳವೆಯನ್ನು ಇತ್ತ ತಿರುಗಿಸಿ ಕೂರಿಸುವ ಹೊತ್ತಿಗೆ ತಳದಲ್ಲಿ ಬರೀ ಒದ್ದೆ ಮಣ್ಣು. ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. "ಸೋರೋ ಗುಂಡಿ ತೋಡಿದ್ದಕ್ಕೆ ಹೊಗಳಿಸ್ಕಳ್ಳೋ ಕಾಲ ಬಂತಲ್ಲಪ್ಪಾ," ಅಂದ ಮುದುಕ. ಹಳೆಯ ಗುಂಡಿಗೆ ಬೂದಿ, ಮಣ್ಣು ಸುರಿದು ಮುಚ್ಚಿದೆವು.

ಹತ್ತೊಂಬತ್ತರಲ್ಲಿ ನಾಲ್ಕು ಮನೆಯವರು ಮಾತ್ರ ಹೊಸ ಗುಂಡಿಗೆ ಒಪ್ಪಿದರು. ಉಳಿದವರ ಬೇಸಿನ್ನುಗಳಲ್ಲಿ ಕೋಳಿ ಕಾವು ಕೂತವು. ಆ ತಿಂಗಳ ಸಭೆಯಲ್ಲಿ ಗ್ರಾಮಸೇವಕ ತಾನೇ ಎದ್ದು ನಿಂತು, "ತಪ್ಪು ನಂದು, ಸರಿ ಮಾಡಿದ್ದು ಇನ್‌ಸ್ಪೆಕ್ಟ್ರು. ಅವರೇ ಕೈಯಾರೆ ಗುಂಡಿಗೆ ಇಳಿದ್ರು," ಎಂದು ಎಲ್ಲರ ಮುಂದೆ ಹೇಳಿದ. ಡಾಕ್ಟರು ನನ್ನ ಬೆನ್ನು ತಟ್ಟಿದರು. ಆಗಲೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀರಾ? ಸೋತವನು ಅಷ್ಟು ಸಲೀಸಾಗಿ ತಲೆ ಎತ್ತಿ ಮಾತಾಡಿದ. ನಾನು ಗೆದ್ದು ತಲೆ ತಗ್ಗಿಸಿ ಕೂತಿದ್ದೆ.

ಸಭೆ ಮುಗಿದ ಮೇಲೆ ಇಬ್ಬರೂ ಸೈಕಲ್ ತಳ್ಳಿಕೊಂಡು ಹೊರಟೆವು. ಊರು ದಾಟಿದ ಮೇಲೆ ಹೇಳಿಬಿಟ್ಟೆ. "ಅವತ್ತು ಹದಿಮೂರನೇ ಗುಂಡಿ ನೋಡಿದಾಗಲೇ ನನಗೆ ಗೊತ್ತಿತ್ತು."

ಅವನು ಅರ್ಥವಾಗದವನಂತೆ ನಿಂತ. "ಏನು ಗೊತ್ತಿತ್ತು ಸಾರ್?"

"ಇಂಗಲ್ಲ ಅಂತ. ಉಕ್ಕುತ್ತೆ ಅಂತ. ನಿನ್ನ ಹೆಸರು ಕೆಡಲಿ ಅಂತ ಸುಮ್ಮನಿದ್ದೆ."

ಬೈಯುತ್ತಾನೆಂದು ಕಾದೆ, ಕೊರಳಪಟ್ಟಿ ಹಿಡಿದರೂ ಸರಿ ಅಂದುಕೊಂಡೆ. ಅವನು ಸೈಕಲ್ಲಿನ ಬೆಲ್ಲನ್ನು ಬೆರಳಿನಿಂದ ಸವರಿದ. "ನೀವು ಬಂದು ಹೋದ ಮೇಲೆ ಆರು ಮನೆಗೆ ಕೈ ಮುಗಿದು ಒಪ್ಪಿಸಿದ್ದೆ ಸಾರ್," ಅಂದ. ಆಮೇಲೆ, "ನನಗೆ ಹೇಳಿ ಏನು ಪ್ರಯೋಜನ? ಆ ಅಕ್ಕನಿಗೆ ಹೇಳಿ," ಎಂದು ಸೈಕಲ್ ಹತ್ತಿದ. ಅದಾದ ಮೇಲೆ ಅವನು ನನ್ನನ್ನು ಸಾರ್ ಎಂದು ಕರೆಯಲಿಲ್ಲ.

ಎರಡು ದಿನ ಕಳೆದು ಹೋದೆ. ಆಕೆ ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಗುಂಡಿ ಕೆಟ್ಟದ್ದೆಂದು ಗೊತ್ತಿತ್ತು, ಅವನ ಮೇಲಿನ ಹೊಟ್ಟೆಕಿಚ್ಚಿಗೆ ಹೇಳಲಿಲ್ಲ, ನಿನ್ನ ಮನೆಯದೇ ಮೊದಲು ತುಂಬುತ್ತದೆಂದೂ ಲೆಕ್ಕ ಹಾಕಿದ್ದೆ ಎಂದೆ. ಆಕೆಯ ಕೈ ನಿಂತಿತು. ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಈ ಹೊಸದು ಎಷ್ಟು ವರ್ಷ ಬರುತ್ತೆ?" ಎಂದು ಕೇಳಿದಳು.

"ಐದು ವರ್ಷಕ್ಕೆ ಮೋಸವಿಲ್ಲ."

"ಆಮೇಲೆ ಇದೂ ತುಂಬುತ್ತಾ?"

"ತುಂಬುತ್ತೆ."

ಆಕೆ ಕೋಲು ಊರಿ ಎದ್ದು, ಹೊಸ್ತಿಲು ದಾಟುವ ಮುಂಚೆ ತಿರುಗಿದಳು. "ಈ ಸಲ ತುಂಬೋಕೆ ಮುಂಚೆ ಬಂದು ಹೇಳ್ತೀರಾ ಸ್ವಾಮಿ?"